ರುಡಾಲ್ಫ್ ಚಿತ್ರವನ್ನು ಪೂರ್ತಿ ತೋರಿಸಿ

ಮಾನ್ಯ ಸಂಪಾದಕರೆ,

ಡಿಸೆಂಬರ್ ಬಂತೆಂದರೆ ‘ರುಡಾಲ್ಫ್ ದಿ ರೆಡ್‌ನೋಸ್ಡ್ ರೇನ್‌ಡೀರ್’ ಚಿತ್ರದ ಮೇಲೆ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಕೆಂಪು ಮೂಗಿನ ಹಿಮಸಾರಂಗದ ಮರಿಯನ್ನು ಎಲ್ಲರೂ ಆಡಿಕೊಂಡು ನಗುತ್ತಾರೆ, ಅದರ ಮೂಗಿನ ಬೆಳಕು ತಮ್ಮ ಕೆಲಸಕ್ಕೆ ಬಂದ ಮೇಲಷ್ಟೇ ಹತ್ತಿರ ಸೇರಿಸುತ್ತಾರೆ. ಉಪಯೋಗಕ್ಕೆ ಬಂದರೆ ಮಾತ್ರ ಒಪ್ಪಿಗೆ ಎಂಬ ಪಾಠ ಮಕ್ಕಳಿಗೇಕೆ? ನಿಮ್ಮ ಪತ್ರಿಕೆಯ ಲೇಖನದಲ್ಲೂ ಇದೇ ಮಾತು ಬಂದಿದೆ. ಚಿತ್ರಕ್ಕೆ ಮೂಲವಾದ ಅದೇ ಹೆಸರಿನ ಹಾಡಿನ ಮಟ್ಟಿಗೆ ಇದು ನಿಜ. ಚಿತ್ರದ ಮಟ್ಟಿಗೆ ನಿಜವಲ್ಲ, ಮತ್ತು ಈ ವ್ಯತ್ಯಾಸ ಸಣ್ಣದಲ್ಲ.

ಕತೆ ಹುಟ್ಟಿದ್ದು 1939ರಲ್ಲಿ. ಅಮೆರಿಕದ ಮಾಂಟ್ಗೊಮರಿ ವಾರ್ಡ್ ಎಂಬ ಮಳಿಗೆ ಗಿರಾಕಿಗಳಿಗೆ ಪುಕ್ಕಟೆ ಹಂಚಲು ರಾಬರ್ಟ್ ಮೇ ಅವರಿಂದ ಒಂದು ಪುಸ್ತಿಕೆ ಬರೆಸಿತು. ಅವರ ಸಂಬಂಧಿ ಜಾನಿ ಮಾರ್ಕ್ಸ್ ಅದನ್ನು ಹಾಡಾಗಿಸಿದರು. 1949ರಲ್ಲಿ ಜೀನ್ ಆಟ್ರಿ ಹಾಡಿ ಅದು ಮನೆಮಾತಾಯಿತು. ಚಿತ್ರ ಎನ್‌ಬಿಸಿ ವಾಹಿನಿಯಲ್ಲಿ ಮೊದಲು ಪ್ರಸಾರವಾದದ್ದು 1964ರ ಡಿಸೆಂಬರ್ 6ರಂದು. ಒಂದು ಪುಟ್ಟ ಹಾಡು ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಾಲದು. ಹಾಗಾಗಿ ಚಿತ್ರಕತೆ ಬರೆದ ರೋಮಿಯೊ ಮುಲ್ಲರ್ ಹಾಡಿನಲ್ಲಿಲ್ಲದ ಜನರನ್ನು ತಂದರು: ಆಟಿಕೆ ಮಾಡಲೊಲ್ಲದೆ ಹಲ್ಲಿನ ಡಾಕ್ಟರ್ ಆಗಬೇಕೆನ್ನುವ ಎಲ್ಫ್ (ಸಾಂತಾ ಕ್ಲಾಸ್‌ನ ಕುಳ್ಳ ಕೆಲಸಗಾರ) ಹರ್ಮಿ, ಚಿನ್ನ ಹುಡುಕುತ್ತ ಅಲೆಯುವ ಯೂಕಾನ್ ಕಾರ್ನೇಲಿಯಸ್, ಯಾರಿಗೂ ಬೇಡವಾದ ಆಟಿಕೆಗಳ ದ್ವೀಪ.

ಈಗ ಕೊನೆಯ ಭಾಗದ ಅನುಕ್ರಮವನ್ನು ಗಮನವಿಟ್ಟು ನೋಡಿ. ಓಡಿಹೋಗಿದ್ದ ರುಡಾಲ್ಫ್ ಮತ್ತು ಗೆಳೆಯರು ಊರಿಗೆ ಮರಳಿ ತಮ್ಮ ಕತೆ ಹೇಳುತ್ತಾರೆ. ಕೇಳಿದವರಿಗೆ ತಾವು ಕಠೋರವಾಗಿ ನಡೆದುಕೊಂಡೆವು ಎಂಬುದು ಅರಿವಾಗುತ್ತದೆ. ಮಗನ ಮೂಗನ್ನು ಮಣ್ಣು ಮೆತ್ತಿ ಮುಚ್ಚಿದ್ದ ಅಪ್ಪ ಡಾನರ್ ತಪ್ಪೊಪ್ಪಿಕೊಳ್ಳುತ್ತಾನೆ. ದ್ವೀಪದ ಆಟಿಕೆಗಳಿಗೆಲ್ಲ ಮನೆ ಹುಡುಕಿಕೊಡುವುದಾಗಿ ಸಾಂತಾ ಕ್ಲಾಸ್ ಮಾತು ಕೊಡುತ್ತಾನೆ. ಹರ್ಮಿಗೆ ದವಾಖಾನೆ ತೆರೆಯಲು ಒಪ್ಪಿಗೆ ಸಿಗುತ್ತದೆ. ಇವೆಲ್ಲ ಮುಗಿದ ನಂತರವೇ ಬಿರುಗಾಳಿಯಿಂದಾಗಿ ಕ್ರಿಸ್‌ಮಸ್ ರದ್ದೆಂದು ಸಾರಲು ಹೊರಟ ಸಾಂತಾನ ಕಣ್ಣಿಗೆ ಆ ಮೂಗಿನ ಬೆಳಕು ಕುಕ್ಕುವುದು. ಕ್ಷಮೆ ಮೊದಲು, ಕೆಲಸ ಆಮೇಲೆ. ಈ ಒಂದೆರಡು ನಿಮಿಷಗಳನ್ನು ಹಾರಿಸಿ ನೇರವಾಗಿ ಬಿರುಗಾಳಿಗೆ ಹೋಗುವ ತುಣುಕು ವಿಡಿಯೊಗಳನ್ನು ನೋಡಿದವರಿಗೆ ಲೇಖನದ ಆಕ್ಷೇಪವೇ ಸರಿಯೆನಿಸುವುದು ಸಹಜ.

ಎರಡನೆಯದು ದ್ವೀಪದ ಸಂಗತಿ. ಅಲ್ಲಿ ಚೌಕ ಚಕ್ರದ ರೈಲಿದೆ, ಚುಕ್ಕೆ ಚುಕ್ಕೆ ಆನೆಯಿದೆ, ಉಷ್ಟ್ರಪಕ್ಷಿಯ ಮೇಲೆ ಕೂತ ಕೌಬಾಯ್ ಇದ್ದಾನೆ, ನೀರಿನ ಬದಲು ಜೆಲ್ಲಿ ಚಿಮ್ಮಿಸುವ ಪಿಸ್ತೂಲಿದೆ, ಹಾರಲು ಬಾರದ, ಈಜಲು ಮಾತ್ರ ಬರುವ ಹಕ್ಕಿಯಿದೆ. ಇವುಗಳಿಂದ ಯಾರಿಗೂ ಯಾವ ಉಪಯೋಗವೂ ಆಗುವುದಿಲ್ಲ. ಚಿತ್ರ ಅಂಥ ಉಪಯೋಗವೊಂದನ್ನು ಹುಡುಕಲೂ ಹೋಗುವುದಿಲ್ಲ. ಆದರೂ ಅವುಗಳಿಗೊಂದು ಮನೆ ಸಿಗಬೇಕು ಎನ್ನುತ್ತದೆ. 1964ರ ಮೊದಲ ಪ್ರಸಾರದಲ್ಲಿ ಸಾಂತಾ ದ್ವೀಪಕ್ಕೆ ಮರಳುವ ದೃಶ್ಯವೇ ಇರಲಿಲ್ಲ. ಕೊಟ್ಟ ಮಾತು ಏನಾಯಿತೆಂದು ವೀಕ್ಷಕರು ಪತ್ರ ಬರೆದು ಕೇಳಿದರು. ಅದಕ್ಕೆ ಓಗೊಟ್ಟು 1965ರ ಮರುಪ್ರಸಾರಕ್ಕೆ ಹೊಸ ಮುಕ್ತಾಯ ಚಿತ್ರೀಕರಿಸಿ ಸೇರಿಸಲಾಯಿತು: ರುಡಾಲ್ಫ್ ಮುಂದಾಳಾಗಿ ಹಿಮಸಾರಂಗಗಳು ಎಳೆಯುವ ಸಾಂತಾನ ಹಾರುವ ಗಾಡಿ ಮೊದಲು ಇಳಿಯುವುದೇ ಆ ದ್ವೀಪದಲ್ಲಿ. ಓದುಗರ ಪತ್ರಗಳ ಅಂಕಣದಲ್ಲಿ ಹೇಳಲೇಬೇಕಾದ ಸಂಗತಿ ಇದು.

ಅದೇ 1965ರ ತಿದ್ದುಪಡಿಯಲ್ಲಿ ಒಂದು ನಷ್ಟವೂ ಆಯಿತು. ರುಡಾಲ್ಫ್ ಮತ್ತು ಹರ್ಮಿ ಜೊತೆಗೂಡಿ, ನಾವಿಬ್ಬರೂ ಎಲ್ಲಿಗೂ ಹೊಂದದವರು ಎಂದು ಹಾಡುವ ಯುಗಳಗೀತೆಯನ್ನು ತೆಗೆದು, ಕೀರ್ತಿ ಮತ್ತು ಸಿರಿಯನ್ನು ಅರಸಿ ಹೋಗುವ ಬೇರೆ ಹಾಡನ್ನು ಅಲ್ಲಿಟ್ಟರು. ಕತೆಯ ದಿಕ್ಕೇ ಅಲ್ಲಿ ತಪ್ಪುತ್ತದೆ. ಅವರು ಮನೆ ಬಿಟ್ಟದ್ದು ಹೆಸರು ಮಾಡಲಿಕ್ಕಲ್ಲ. ಮೊದಲಿನ ಹಾಡು ಪ್ರಸಾರಕ್ಕೆ ಮರಳಿದ್ದು 1998ರಲ್ಲಿ. ಆದ್ದರಿಂದ ಮಕ್ಕಳಿಗೆ ತೋರಿಸುವ ಮೊದಲು ನಿಮ್ಮ ಪ್ರತಿಯಲ್ಲಿ ಮೂರನ್ನು ನೋಡಿಕೊಳ್ಳಿ: ಇಬ್ಬರೂ ಮೊದಲು ಭೇಟಿಯಾದಾಗ ಹಾಡುವ ಹಾಡು ಯಾವುದು, ಊರಿಗೆ ಮರಳಿದ ಮೇಲಿನ ಕ್ಷಮೆಯ ಭಾಗ ಇದೆಯೇ, ಕೊನೆಯಲ್ಲಿ ಗಾಡಿ ದ್ವೀಪಕ್ಕೆ ಬರುತ್ತದೆಯೇ. ಜಾಹೀರಾತು ಬಿಟ್ಟು ಪೂರ್ಣ ಚಿತ್ರ ಸುಮಾರು 52 ನಿಮಿಷವಿರಬೇಕು. ನಲವತ್ತು ನಿಮಿಷಕ್ಕೇ ಮುಗಿಯುವ ಪ್ರತಿಯಾದರೆ ಬೇರೆಯದನ್ನು ಹುಡುಕಿ.

ಲೇಖನದಲ್ಲಿ ‘ಮಿಸ್‌ಫಿಟ್’ ಎಂಬುದಕ್ಕೆ ‘ಕೆಲಸಕ್ಕೆ ಬಾರದವರು’ ಎಂದು ಬಳಸಿರುವುದನ್ನೂ ತಿದ್ದಬೇಕು. ಚಿತ್ರ ಅಲ್ಲಗಳೆಯುವುದೇ ಆ ಅಳತೆಗೋಲನ್ನು. ‘ಹೊಂದದವರು’ ಸಾಕು. ಮಕ್ಕಳಿಗಾದರೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು ಥಟ್ಟನೆ ಅರ್ಥವಾಗುತ್ತದೆ. ರುಡಾಲ್ಫ್ ಪಾಡು ಅದಕ್ಕಿಂತ ಒಂದು ಕೈ ಹೆಚ್ಚು, ಅವನನ್ನು ಆಟಕ್ಕೂ ಸೇರಿಸುವುದಿಲ್ಲ.

ಇದನ್ನು ‘ಕಾರ್ಟೂನ್’ ಎಂದು ಕರೆದಿರುವುದೂ ಸರಿಯಲ್ಲ. ಇಲ್ಲಿ ಪಾತ್ರಗಳನ್ನು ಗೆರೆಯಲ್ಲಿ ಬಿಡಿಸಿ ಓಡಿಸಿಲ್ಲ. ಧ್ವನಿಯನ್ನು ಕೆನಡಾದ ಟೊರಾಂಟೊದಲ್ಲಿ ಮೊದಲೇ ಮುದ್ರಿಸಿಕೊಂಡು, ಟೋಕಿಯೊದಲ್ಲಿ ತಾದಾಹಿತೊ ಮೋಚಿನಾಗ ಅವರ ತಂಡ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟು ತೆಗೆದದ್ದು. ಸೆಕೆಂಡಿಗೆ 24 ಚೌಕಟ್ಟೆಂದರೆ ನಿಮಿಷಕ್ಕೆ 1,440. ಪ್ರತಿ ಭಂಗಿಯನ್ನು ಎರಡೆರಡು ಸಲ ತೆಗೆದರೂ ನಿಮಿಷಕ್ಕೆ 720 ಬಾರಿ ಬೊಂಬೆಯನ್ನು ಮುಟ್ಟಬೇಕು. ಮುಟ್ಟಿದಾಗ ಕೂದಲು ಕದಡುತ್ತದೆ, ಪರದೆಯ ಮೇಲೆ ತುಪ್ಪಳ ಗಾಳಿಗೆ ಅಲುಗಿದಂತೆ ಕಾಣುತ್ತದೆ. ಅದು ದೋಷವಲ್ಲ, ಕೈಯ ಗುರುತು. ರುಡಾಲ್ಫ್ ಬೊಂಬೆಯ ಎತ್ತರ 6 ಇಂಚು, ಸಾಂತಾನದು 11 ಇಂಚು. ಉಳಿದುಬಂದ ಆ ಜೋಡಿ 2020ರಲ್ಲಿ 3,68,000 ಡಾಲರಿಗೆ ಹರಾಜಾಗಿ ಈಗ ಅಟ್ಲಾಂಟದ ಬೊಂಬೆಯಾಟ ಸಂಗ್ರಹಾಲಯದಲ್ಲಿದೆ.

ಇಂಗ್ಲಿಷ್ ಬಾರದ ಮಕ್ಕಳಿಗೆ ತೋರಿಸುವಾಗ ಕನ್ನಡದಲ್ಲಿ ಧ್ವನಿ ಕೊಡಲು ಹೊರಡುವವರಿಗೆ ಒಂದು ಮಾತು. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಅಲ್ಲಿ ಬೊಂಬೆಯ ಬಾಯಿ ಆಗಲೇ ಮುಚ್ಚಿರುತ್ತದೆ. ತುಟಿ ಸೇರುವ ಜಾಗಕ್ಕೆ ಪ, ಬ, ಮ ಬರುವಂತೆ ವಾಕ್ಯ ಕಟ್ಟಿದರೆ ಅರ್ಧ ಸಮಸ್ಯೆ ತೀರುತ್ತದೆ. ಹಾಡುಗಳಿಗೆ ಕೈ ಹಾಕಬೇಡಿ. ಹಾಡು ಶುರುವಾಗುವ ಮೊದಲು ತಾತ್ಪರ್ಯವನ್ನು ಎರಡು ವಾಕ್ಯದಲ್ಲಿ ಹೇಳಿ, ಮೂಲವನ್ನೇ ಕೇಳಿಸಿ. ಕತೆ ಹೇಳುವ ಹಿಮದ ಬೊಂಬೆ ಸ್ಯಾಮ್‌ನ ಮಾತುಗಳನ್ನು ಮಾತ್ರ ಎದುರಿಗೆ ಕೂತು ಹೇಳಿದರೂ ನಡೆಯುತ್ತದೆ.

ಐದು ವರ್ಷದೊಳಗಿನವರು ಹಿಮರಾಕ್ಷಸನನ್ನು ಕಂಡು ಹೆದರಬಹುದು. ಅವನು ಕೊನೆಗೆ ಮರದ ತುದಿಗೆ ನಕ್ಷತ್ರ ಇಡುತ್ತಾನೆಂದು ಮೊದಲೇ ಹೇಳಿಬಿಡಿ. ಓಡಿಹೋದ ಮಗನನ್ನು ಹುಡುಕಲು ಹೊರಟ ಡಾನರ್ ಇದು ಗಂಡಸರ ಕೆಲಸವೆಂದು ಹೆಂಡತಿಯನ್ನು ತಡೆಯುವ ಮಾತು ಇಂದಿಗೆ ಒಪ್ಪುವಂಥದ್ದಲ್ಲ. ಅಲ್ಲಿ ನಿಲ್ಲಿಸಿ ಮಾತಾಡಿ. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರುಡಾಲ್ಫ್‌ನ ಕೆಂಪು ಮೂಗನ್ನು ಮುಚ್ಚಿದ್ದ ಕೃತಕ ಮೂಗು ಕಳಚಿ ಬೀಳುವ ಗಳಿಗೆಯಲ್ಲಿ. ಅಷ್ಟು ಹೊತ್ತೂ ಜೊತೆಗೆ ಆಡುತ್ತಿದ್ದ ಗೆಳೆಯನೇ ಮೊದಲು ಹಿಂದೆ ಸರಿಯುತ್ತಾನೆ. ಮಕ್ಕಳು ಹೆಚ್ಚು ಮಾತಾಡುವುದು ಆ ಗೆಳೆಯನ ಬಗ್ಗೆ, ಮೂಗಿನ ಬಗ್ಗೆ ಅಲ್ಲ.

ಹೆಸರುಗಳ ಪಟ್ಟಿ ಓಡುವಾಗ ಪರದೆ ಆರಿಸಬೇಡಿ. ಗಾಡಿಯಲ್ಲಿರುವ ಎಲ್ಫ್ ಒಂದೊಂದು ಆಟಿಕೆಗೂ ಕೊಡೆ ಕೊಟ್ಟು ಕೆಳಕ್ಕೆ ಬಿಡುತ್ತಾನೆ. ಹಕ್ಕಿಯ ಸರದಿ ಬಂದಾಗ, ಹಕ್ಕಿಗೇಕೆ ಕೊಡೆ ಎಂಬಂತೆ ಹಾಗೇ ಬಿಟ್ಟುಬಿಡುತ್ತಾನೆ. ಅದು ಈಜುವ ಹಕ್ಕಿ. ಯಾವುದಾದರೊಂದು ಮಗು ಇದನ್ನು ಗುರುತಿಸಿ ಕೂಗಿದರೆ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ತೋರಿಸಿ.

ಇತಿ,
ಮಕ್ಕಳ ಚಿತ್ರಗಳಲ್ಲಿ ಆಸಕ್ತರಾದ ಓದುಗರು