ಪುಟ್ಟಿಗೆ, ಸೌತ್ ಸುಡಾನಿಗೆ ಹೊರಡೋ ಮುಂಚೆ

ಮಂಡ್ಯ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಕಾಗದ ತಲುಪಿತು. ವೀಸಾ, ಸಂಬಳ, ನಿಮ್ಮಮ್ಮನ ಅಳು, ಅದೆಲ್ಲ ಗೊತ್ತಿರೋದೇ. ಕೊನೆಗೆ ಬರೆದಿದ್ದೀಯಲ್ಲ, 'ಸಿಸೇರಿಯನ್ನಲ್ಲಿ ರಕ್ತ ನಿಲ್ಲದಿದ್ದರೆ ಕರೆಯೋಕೆ ಯಾರೂ ಇರಲ್ಲ ದೊಡ್ಡಪ್ಪ' ಅಂತ, ಆ ಸಾಲು ಓದಿದಾಗಿನಿಂದ ನನಗೂ ನೆಮ್ಮದಿಯಿಲ್ಲ.

ನಿನ್ನ ಭಯ ಸುಳ್ಳಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2015ರ ಕಮಿಷನ್ ಜಿಲ್ಲಾ ಆಸ್ಪತ್ರೆಗೆ ಒರೆಗಲ್ಲಾಗಿಟ್ಟ ಮೂರು ಆಪರೇಷನ್ನುಗಳಲ್ಲಿ ಸಿಸೇರಿಯನ್ನೂ ಒಂದು. ಹೊಟ್ಟೆ ತೆರೆದು ಮಾಡೋ ಲ್ಯಾಪರಾಟಮಿ ನಿನಗೆ ನೀರು ಕುಡಿದಷ್ಟು ಸಲೀಸು. ತೆರೆದ ಮೂಳೆಮುರಿತ ತೊಳೆದು, ಮೂಳೆಯನ್ನ ಹೊರಗಿಂದ ಹಿಡಿದಿಡೋ ಫಿಕ್ಸೇಟರ್ ಹಾಕೋದನ್ನ ಆರ್ಥೋದವರ ಹತ್ತಿರ ಕಲಿತುಕೊ. ಹೆರಿಗೆ ವಾರ್ಡು ಮಾತ್ರ ನಮ್ಮದಲ್ಲ ಅಂತ ನಾವು ಸರ್ಜನ್ನರು ದೂರವೇ ಉಳಿದೆವು. ಆ ಬಿಂಕ ನನಗಿರಬಾರದಿತ್ತು. ಕಲಿತದ್ದು ತೀರಾ ತಡವಾಗಿ.

ಮಾಸು ಬಂದಮೇಲೂ ಗರ್ಭಕೋಶ ನಾದಿದ ಹಿಟ್ಟಿನ ಹಾಗೆ ಮೆತ್ತಗೇ ಇದ್ದರೆ, ಎರಡೂ ಅಂಗೈ ನಡುವೆ ಹಿಂದೆಮುಂದೆ ಒತ್ತಿ ಹಿಡಿ. ಕೆಳಗಿಂದ ರಕ್ತ ಬರುತ್ತಾ ಅಂತ ಒಬ್ಬರು ನೋಡಲಿ. ಒತ್ತಿದಾಗ ನಿಂತರೆ, ಗರ್ಭಕೋಶ ಸುತ್ತಿ ಬಿಗಿಯೋ ಬಿ-ಲಿಂಚ್ ಹೊಲಿಗೆಗೂ ನಿಲ್ಲೋ ಸಾಧ್ಯತೆ ಹೆಚ್ಚು. 1 ನಂಬರಿನ ಕರಗುವ ದಾರ, ದೊಡ್ಡ ಸೂಜಿ. ಗಂಟು ಬೀಳೋವರೆಗೂ ಅಸಿಸ್ಟೆಂಟ್ ಕೈ ಬಿಡಬಾರದು, ಬಿಟ್ಟರೆ ದಾರ ಸಡಿಲವಾಗಿ ಜಾರುತ್ತೆ. ಒತ್ತಿದರೂ ನಿಲ್ಲಲಿಲ್ಲವೋ, ಗರ್ಭಕೋಶ ಕೊಯ್ದ ಗಾಯದ ಎರಡೂ ಮೂಲೆ ನೋಡು, ಸೀಳು ಅಲ್ಲಿಂದ ಇಳಿದಿರಬಹುದು. ಯಾವುದಕ್ಕೂ ಜಗ್ಗದಿದ್ದರೆ ಗರ್ಭಕೋಶ ತೆಗೆಯೋಕೆ ಮೀನಮೇಷ ಎಣಿಸಬೇಡ.

ಗರ್ಭಕೋಶ ಬಿಗಿಯಾಗಿಸೋ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಜನರೇಟರ್ ಕೈಕೊಟ್ಟ ಫ್ರಿಜ್ಜಿನ ಆಂಪೂಲು ನೋಡೋಕೆ ಹಾಗೇ ಇರುತ್ತೆ, ಒಳಗೆ ಸತ್ವ ಹೋಗಿರುತ್ತೆ. ಹೋದ ದಿನವೇ ಫ್ರಿಜ್ಜಿನ ಥರ್ಮಾಮೀಟರ್ ನೋಡು. ಜೊತೆಗೆ ಅದೇ ಕೆಲಸ ಮಾಡೋ 200 ಮೈಕ್ರೋಗ್ರಾಮಿನ ಮಿಸೊಪ್ರೊಸ್ಟಾಲ್ ಇರಲಿ, ನಾಲ್ಕು ಮಾತ್ರೆ ನಾಲಿಗೆ ಕೆಳಗೆ. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, 10 ನಿಮಿಷ ನಿಧಾನವಾಗಿ ನರಕ್ಕೆ. ಹೆರಿಗೆಯಾಗಿ 3 ಗಂಟೆ ದಾಟಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ಇದೆಲ್ಲ ನಿನಗೆ ಗೊತ್ತಿದ್ದರೆ ಬೇಜಾರಾಗಬೇಡ. ಮತ್ತೆ ಆ ಸಾಲೇ ಕಣ್ಣಮುಂದೆ ಬರುತ್ತೆ, ಅದಕ್ಕೇ ಬರೀತಿದ್ದೀನಿ.

ಒಪ್ಪಿ ಸಹಿ ಹಾಕೋಕೆ ಮುಂಚೆ ಕೇಳು: ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ನೋಡೋ ಕಿಟ್ ಇದೆಯಾ? ರಾತ್ರಿ ಕರೆದರೆ ಬರೋ ದಾನಿಗಳ ಪಟ್ಟಿ ಇದೆಯಾ? ಅರಿವಳಿಕೆ ಕೊಡೋರು ಯಾರು? ಆಪರೇಷನ್ನಲ್ಲಿ ಎಷ್ಟು ರಕ್ತ ಹೋಯಿತು ಅಂತ ತಿಳಿಯೋಕೆ, ರಕ್ತ ಹೀರಿ ನೆನೆದ ಬಟ್ಟೆಯ ಮಾಪನ್ನ ತೂಗಿ ಒಣಮಾಪಿನ ತೂಕ ಕಳಿ. 1 ಗ್ರಾಂಗೆ ಸುಮಾರು 1 ಮಿ.ಲೀ. ರಕ್ತ. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೆ.

ಎರಡು ತಿಂಗಳು ಇಲ್ಲಿಗೇ ಬಂದಿರು. ಹೆರಿಗೆ ವಿಭಾಗದಲ್ಲಿ ರಾತ್ರಿ ಡ್ಯೂಟಿಯನ್ನೇ ಕೇಳು, ಮನೆಯಿಂದ ನಡೆದೇ ಹೋಗಬಹುದು. ಬರೋ ದಿನ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ