ಹಬ್ಬದ ಮನೆಯವರು ಅವರೇ

ವಿರಾಜಪೇಟೆ
ನವೆಂಬರ್ 20

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ಮಡಿಕೇರಿಯ ಆ ಆರೈಕೆ ಮನೆಯ ಮೂವತ್ತೆರಡು ಹಿರಿಯರ ಕ್ರಿಸ್ಮಸ್ ಹಬ್ಬದ ಹೊಣೆ ಈ ಸಲ ನಿನ್ನ ಹೆಗಲಿಗೆ ಬಂದಿದೆ ಎಂದು ತಿಳಿದು ಬಹಳ ಸಂತೋಷವಾಯಿತು. ಕಾರ್ಯಕ್ರಮದ ಪಟ್ಟಿಯನ್ನು ಎರಡು ಸಲ ಓದಿದೆ. ಇಪ್ಪತ್ತನಾಲ್ಕರ ಸಂಜೆ ಆರು ಗಂಟೆಗೆ ಶಾಲಾ ಮಕ್ಕಳ ಬ್ಯಾಂಡ್, ಆಮೇಲೆ ನೃತ್ಯ, ಸಾಂತಾ ಕ್ಲಾಸ್, ಕಂಬಳಿ ವಿತರಣೆ, ಕೇಕ್. ನೀನು ಎಷ್ಟು ಓಡಾಡಿರಬೇಕು ಎಂದು ಗೊತ್ತಾಗುತ್ತದೆ. ಆದರೆ ಮಗಳೇ, ಆ ಪಟ್ಟಿಯಲ್ಲಿ ಹಿರಿಯರಿಗೆ ಕುಳಿತು ನೋಡುವುದು, ಕೈಚಾಚಿ ತೆಗೆದುಕೊಳ್ಳುವುದು, ಇವೆರಡು ಬಿಟ್ಟು ಬೇರೆ ಕೆಲಸವೇ ಇಲ್ಲ. ಐವತ್ತು ವರ್ಷ ಮನೆ ತುಂಬ ಜನರಿಗೆ ಹಬ್ಬ ಮಾಡಿ ಬಡಿಸಿದವರು ಅವರು. ಈಗ ಅವರಿರುವ ಮನೆ ಅದು. ಹಬ್ಬ ಮಾಡಬೇಕಾದವರೂ ಅವರೇ, ಹೊರಗಿನಿಂದ ಬರುವ ನಾವು ನೆಂಟರು.

ಮೊದಲು ಹೊತ್ತಿನ ವಿಚಾರ ಹೇಳಿಬಿಡುತ್ತೇನೆ. ಸಂಜೆ ಆರು ಗಂಟೆ ಬೇಡವೇ ಬೇಡ. ಮರೆವಿನ ಕಾಯಿಲೆ ಇರುವ ಅನೇಕರಿಗೆ ಹೊತ್ತು ಇಳಿಯುತ್ತಿದ್ದಂತೆ ತಳಮಳ ಹೆಚ್ಚುತ್ತದೆ. ನಾನು ದಾದಿಯಾಗಿದ್ದ ಒಂದು ಕಡೆ ಹೀಗೇ ಸಂಜೆ ಬ್ಯಾಂಡ್ ಕರೆಸಿದ್ದರು. ಡ್ರಮ್ ಶುರುವಾದ ಕೂಡಲೇ ಒಬ್ಬ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, "ನನ್ನನ್ನು ಮನೆಗೆ ಕಳುಹಿಸಿ, ಕತ್ತಲಾಯಿತು" ಎಂದು ಅಳತೊಡಗಿದರು. ಶ್ರವಣ ಯಂತ್ರ ಹಾಕಿಕೊಂಡವರಿಗೂ ಆ ಸದ್ದು ಹಿಂಸೆಯೇ. ಮಕ್ಕಳು ಪಾಪ, ಕಕ್ಕಾಬಿಕ್ಕಿಯಾಗಿ ನಿಂತರು. ಅಂದು ರಾತ್ರಿ ಆ ಅಜ್ಜಿ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಬೆಳಗಿನ ಹತ್ತೂವರೆ ಒಳ್ಳೆಯ ಹೊತ್ತು. ತಿಂಡಿ, ಸ್ನಾನ, ಮಾತ್ರೆ ಎಲ್ಲ ಮುಗಿದಿರುತ್ತದೆ, ಮಂಜು ಕರಗಿ ಜಗಲಿಗೆ ಬಿಸಿಲು ಬಂದಿರುತ್ತದೆ. ಮುಕ್ಕಾಲು ಗಂಟೆ ಸಾಕು. ಬ್ಯಾಂಡಿನ ಬದಲು ನಾಲ್ಕೈದು ಮಕ್ಕಳು ಬಂದು ಹಿರಿಯರ ಪಕ್ಕದಲ್ಲೇ ಕುಳಿತು ಹಾಡಲಿ.

ಹಬ್ಬವನ್ನು ಒಂದೇ ದಿನಕ್ಕೆ ತುರುಕಬೇಡ. ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ದಿನಗಳಾದ ಆಗಮನ ಕಾಲದ ನಾಲ್ಕು ಭಾನುವಾರಗಳಿವೆ, ಒಂದೊಂದು ವಾರಕ್ಕೆ ಒಂದೊಂದು ಕೆಲಸ ಇರಲಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ತೋರಿಸುವ ಗೋದಲಿಯಿಂದ ಶುರು ಮಾಡು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹುಲ್ಲು ತರಬೇಡ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ನಿಜವಾದ ಹುಲ್ಲು ಹಾಸಿ, ಜೀವಂತ ಎತ್ತು, ಕತ್ತೆಯನ್ನೇ ತರಿಸಿ ನಿಲ್ಲಿಸಿದ್ದರು. ನಮಗೆ ಎತ್ತು ಬೇಡ, ಹುಲ್ಲು ಬೇಕು. ಗದ್ದೆ ಕುಯ್ಲಾಗುವ ಕಾಲವಿದು. ಕಣ್ಣು ಮಂದವಾದವರಿಗೂ ಹೊಸ ಹುಲ್ಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಗದ್ದೆಯೇ ಎದುರಿಗೆ ಬಂದಂತಾಗುತ್ತದೆ. ತೋಟದಲ್ಲಿ ಮರದ ಬುಡಕ್ಕೆ ಹಿಡಿದ ಪಾಚಿ, ಜರಿ ಗಿಡ, ಸಿಲ್ವರ್ ಓಕ್ ಎಲೆ ಎಲ್ಲವನ್ನೂ ಬುಟ್ಟಿಯಲ್ಲಿ ತಂದು ಮೇಜಿನ ಮೇಲೆ ಸುರಿದುಬಿಡು. ಎಲ್ಲಿ ಬೆಟ್ಟ, ಎಲ್ಲಿ ತೊರೆ ಎಂದು ಅವರೇ ಜಗಳವಾಡಿಕೊಂಡು ತೀರ್ಮಾನಿಸಲಿ. ನಕ್ಷತ್ರಕ್ಕೆ ಬಿದಿರಿನ ಕಡ್ಡಿಗಳನ್ನು ಮೊದಲೇ ಸೀಳಿಸಿ ಇಡು, ಕತ್ತಿ ಅವರ ಕೈಗೆ ಬೇಡ. ಕಟ್ಟುವುದು, ಬಣ್ಣದ ಕಾಗದ ಅಂಟಿಸುವುದು ಅಜ್ಜಂದಿರ ಪಾಲಿಗಿರಲಿ.

ಅಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ರೈಸ್ತರಲ್ಲ, ಅವರನ್ನು ಹೇಗೆ ಸೇರಿಸಿಕೊಳ್ಳಲಿ ಎಂದು ಕೇಳಿದ್ದೀಯೆ. ಯಾರನ್ನೂ ಒತ್ತಾಯ ಮಾಡಬೇಡ. ಬಾರದವರ ಬಾಗಿಲಿಗೆ ಕಾಫಿ, ತಿಂಡಿ ಹೋಗಲಿ, ಮುನಿಸು ಬೇಡ. ಆದರೆ ನಮ್ಮ ಕೊಡಗಿನಲ್ಲಿ ಸುಗ್ಗಿಯ ಹಬ್ಬವಾದ ಹುತ್ತರಿಗೂ ಕ್ರಿಸ್ಮಸ್ಸಿಗೂ ನಡುವೆ ಹೆಚ್ಚು ದಿನಗಳಿರುವುದಿಲ್ಲ. ಕದಿರು ತೆಗೆದ ಗದ್ದೆಯ ಹುಲ್ಲೇ ಗೋದಲಿಗೂ ಬರಲಿ. ಅದನ್ನು ಹಾಸುವ ಹೊತ್ತಿಗೆ ಕೊಡವ ಅಜ್ಜಂದಿರನ್ನು ಹುತ್ತರಿಯ ಬಗ್ಗೆ ಕೇಳು. "ಪೊಲಿ ಪೊಲಿ ದೇವಾ" ಎಂದು ಕೂಗಿ ತೋರಿಸದೆ ಅವರು ಬಿಡುವುದಿಲ್ಲ. ವಿರಾಜಪೇಟೆಯ ನಮ್ಮ ಸಂತ ಅನ್ನಮ್ಮ ದೇವಾಲಯ 1792ರಲ್ಲಿ ಆದದ್ದು ದೊಡ್ಡವೀರರಾಜೇಂದ್ರ ಅರಸರು ದಿಕ್ಕೆಟ್ಟು ಬಂದ ಕ್ರೈಸ್ತರಿಗೆ ನೆಲೆ ಕೊಟ್ಟಿದ್ದರಿಂದ. ಈ ನೆಲದಲ್ಲಿ ನಮ್ಮ ಹಬ್ಬ ಮೊದಲಿನಿಂದಲೂ ನೆರೆಹೊರೆಯವರ ನಡುವೆಯೇ ನಡೆದಿದೆ.

ಇನ್ನು ಕುಲ್ಕುಲ್, ಹಿಟ್ಟನ್ನು ಸುರುಳಿ ಸುತ್ತಿ ಕರಿಯುವ ನಮ್ಮ ಕ್ರಿಸ್ಮಸ್ ತಿಂಡಿ. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ. ಪಾರ್ಶ್ವವಾಯುವಾಗಿ ಬಲಗೈ ಬಿದ್ದುಹೋಗಿದ್ದ ಒಬ್ಬರು ನನ್ನ ವಾರ್ಡಿನಲ್ಲಿದ್ದರು. ಮೂರು ತಿಂಗಳಿಂದ ಯಾರೊಡನೆಯೂ ಮಾತಿಲ್ಲ. ಹಿಟ್ಟಿನ ತಟ್ಟೆಯನ್ನು ಅವರ ಮುಂದಿಟ್ಟು, ಫೋರ್ಕನ್ನು ಎಡಗೈಗೆ ಕೊಟ್ಟು, ಪಕ್ಕದ ಮಂಚದ ಅಜ್ಜಿಯನ್ನು ಎದುರಿಗೆ ಕೂರಿಸಿದೆ. ಇವರು ಫೋರ್ಕನ್ನು ಅಲುಗದಂತೆ ಹಿಡಿದರು, ಅವರು ನೆಲ್ಲಿಕಾಯಿಯಷ್ಟು ಹಿಟ್ಟನ್ನು ಅದರ ಬೆನ್ನಿಗೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಸುತ್ತಿದರು. ನಾಲ್ಕನೆಯದಕ್ಕೆ ಇವರ ಬಾಯಿಂದ ಮಾತು ಹೊರಟಿತು: "ಅಷ್ಟು ದಪ್ಪ ಮಾಡಿದರೆ ಒಳಗೆ ಬೇಯುವುದಿಲ್ಲ." ಮೂರು ತಿಂಗಳ ನಂತರದ ಮೊದಲ ಮಾತು! ಕರಿಯುವುದನ್ನು ಅಡುಗೆಯವರು ಮಾಡಲಿ, ಎಣ್ಣೆಯ ಹತ್ತಿರ ಹಿರಿಯರು ಬೇಡ.

ತಿನ್ನುವ ವಿಷಯದಲ್ಲಿ ಕಟ್ಟುನಿಟ್ಟಾಗಿರು. ನುಂಗಲು ಕಷ್ಟಪಡುವವರು ಯಾರೆಂದು ದಾದಿಯರನ್ನು ಕೇಳಿ ಹೆಸರು ಬರೆದಿಟ್ಟುಕೋ. ಒಣ ಕೇಕ್, ಗೋಡಂಬಿ, ಗರಿಗರಿ ರೋಸ್ ಕುಕ್ಕಿ ಅವರ ಗಂಟಲಿಗೆ ಅಪಾಯ. ಅವರಿಗೆ ನುಣ್ಣನೆಯ ಕಸ್ಟರ್ಡ್ ಮಾಡಿಸು, ಆದರೆ ಎಲ್ಲರಿಗೂ ಕೊಡುವಂಥದೇ ಚೆಂದದ ಬಟ್ಟಲಿನಲ್ಲಿ ಕೊಡು. ಸಕ್ಕರೆ ಕಾಯಿಲೆಯವರಿಗೆ ಪೂರ್ತಿ ಇಲ್ಲವೆನ್ನಬೇಡ, ಸಣ್ಣ ತುಂಡು ಎಷ್ಟು ಎಂದು ವೈದ್ಯರನ್ನೇ ಕೇಳು. ಮನೆಯಲ್ಲಿ ಮಾಡಿದ ವೈನ್ ತಂದುಕೊಡುವವರಿಗೆ ಮಾತ್ರ ಖಂಡಿತ ಬೇಡ ಎನ್ನು. ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕುಡಿದರೆ ತಲೆಸುತ್ತಿ ಬೀಳುತ್ತಾರೆ. ಆಮ್ಲಜನಕದ ಸಿಲಿಂಡರ್ ಇರುವ ಕಡೆ ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಸಾಕು. ಓಡಾಡುವ ದಾರಿಯಲ್ಲಿ ದೀಪದ ಸರದ ವೈರ್ ಎಳೆಯಬೇಡ. ಶೌಚಾಲಯದ ಬಾಗಿಲಿಗೆ ಅಲಂಕಾರ ಮಾಡಬೇಡ, ದಿನಾ ನೋಡುವ ಗುರುತು ಮರೆಯಾದರೆ ಮರೆವಿನವರಿಗೆ ದಾರಿ ತಪ್ಪುತ್ತದೆ. ಕೆಮ್ಮು, ನೆಗಡಿ ಇರುವ ಅತಿಥಿಗಳು ಇನ್ನೊಂದು ದಿನ ಬರಲಿ. ಫ್ಲೂ ಚುಚ್ಚುಮದ್ದು ಆಗಿಲ್ಲದಿದ್ದರೆ ಈ ವಾರವೇ ವೈದ್ಯರೊಡನೆ ಮಾತನಾಡು, ಅದು ಕೆಲಸ ಮಾಡಲು ಸುಮಾರು ಎರಡು ವಾರ ಬೇಕು.

ಹಾಡುಗಳನ್ನು ನೀನು ಆರಿಸಬೇಡ. ಕೊಂಕಣಿ, ಮಲಯಾಳ, ತಮಿಳು, ಕನ್ನಡ, ಯಾರ ಬಾಲ್ಯ ಯಾವ ಭಾಷೆಯಲ್ಲಿ ಕಳೆಯಿತು ಎಂದು ಮೊದಲು ಕೇಳು. ನಮ್ಮ ಚರ್ಚಿನ ಬಲಿಪೂಜೆ ಜನರ ಭಾಷೆಗೆ ಬಂದದ್ದು 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ. ಅದಕ್ಕೆ ಮೊದಲು ನಾವೆಲ್ಲ ಲ್ಯಾಟಿನ್‌ನಲ್ಲಿ ಹಾಡಿದವರು. ಮಗನ ಹೆಸರನ್ನೇ ಮರೆತಿದ್ದ ಒಬ್ಬರು ಲ್ಯಾಟಿನ್ ಸ್ತುತಿಗೀತೆ ಗ್ಲೋರಿಯಾವನ್ನು ಒಂದಕ್ಷರ ತಪ್ಪದೆ ಹಾಡಿದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ. ಹಾಡು ಮನಸ್ಸಿನಲ್ಲಿ ಬಹಳ ಕೊನೆಯವರೆಗೂ ಉಳಿಯುತ್ತದೆ. ನಡುರಾತ್ರಿಯ ಪೂಜೆಗೆ ಹೋಗಲಾರದವರಿಗಾಗಿ, ಒಂದು ಬೆಳಿಗ್ಗೆ ಅಲ್ಲಿಗೇ ಬಂದು ಪೂಜೆ ಅರ್ಪಿಸಲು ಗುರುಗಳನ್ನು ಈಗಲೇ ಕೇಳಿಕೋ. ಡಿಸೆಂಬರ್ ಬಂದರೆ ಅವರಿಗೆ ಬಿಡುವಿರುವುದಿಲ್ಲ.

ಹಿರಿಯರ ಮನೆಯವರಿಗೂ ಈಗಲೇ ಪತ್ರ ಹಾಕು. ಡಿಸೆಂಬರ್ ಎಂದರೆ ಅರೇಬಿಕಾ ಕಾಫಿ ಕುಯ್ಯುವ ಕಾಲ, ತೋಟದವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಯಾವ ದಿನ ಬರಬಹುದೆಂದು ಅವರನ್ನೇ ಕೇಳಿ ಹಂಚಿಹಾಕು, ಎಲ್ಲರೂ ಇಪ್ಪತ್ತೈದಕ್ಕೇ ಬಂದು ಇಪ್ಪತ್ತಾರಕ್ಕೆ ಮನೆ ಬಿಕೋ ಎನ್ನುವುದು ಬೇಡ. ಯಾರೂ ಬಾರದವರ ಪಕ್ಕದಲ್ಲಿ ನೀನು ಕುಳಿತುಕೋ.

ಕಂಬಳಿ ಖಂಡಿತ ಕೊಡಿ, ಮಡಿಕೇರಿಯ ಚಳಿಗೆ ಬೇಕು. ಆದರೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ ಕೊಡುವುದು ಬೇಡ, ಮುನ್ನಾದಿನ ರಾತ್ರಿ ಅವರವರ ಮಂಚದ ಮೇಲೆ ಮಡಚಿಟ್ಟುಬಿಡು. ಹಬ್ಬದ ಬೆಳಿಗ್ಗೆ ಕೊಡುವವರು ಹಿರಿಯರಾಗಲಿ. ಪಕ್ಕದ ತೋಟದ ಕೆಲಸಗಾರರಿರುವ ಲೈನ್‌ಮನೆಗಳ ಮಕ್ಕಳನ್ನು ಕರೆಸು. ತಾವೇ ಸುತ್ತಿದ ಕುಲ್ಕುಲ್ ಪೊಟ್ಟಣವನ್ನು ಒಬ್ಬೊಬ್ಬ ಅಜ್ಜ, ಅಜ್ಜಿ ಒಂದೊಂದು ಮಗುವಿನ ಕೈಗೆ ಕೊಡಲಿ, ಹೆಸರು ಕೇಳಲಿ, ತಲೆ ಸವರಲಿ.

ಈ ವರ್ಷ ಅಲ್ಲಿ ತೀರಿಕೊಂಡವರ ಹೆಸರನ್ನೂ ಹಾಡಿಗೆ ಮುಂಚೆ ಒಮ್ಮೆ ಓದು. ಪಕ್ಕದ ಮಂಚ ಖಾಲಿಯಾದದ್ದು ಎಲ್ಲರಿಗೂ ಗೊತ್ತು, ನಾವು ಅದನ್ನು ಮುಚ್ಚಿಟ್ಟರೆ ಅವರು ಒಳಗೊಳಗೇ ನೋಯುತ್ತಾರೆ. ಗೋದಲಿಯನ್ನು ಜನವರಿ 6ರವರೆಗೂ ಬಿಚ್ಚಬೇಡ. ಶಿಶು ಯೇಸುವನ್ನು ನೋಡಲು ಬಂದ ಪೂರ್ವದೇಶದ ಮೂವರು ಜ್ಞಾನಿಗಳ ಹಬ್ಬ ಅಂದು. ಅವರ ಬೊಂಬೆಗಳನ್ನು ಕಿಟಕಿಯ ಬಳಿಯಿಂದ ದಿನಕ್ಕೊಂದು ಗೇಣು ಮುಂದೆ ಸರಿಸುವ ಕೆಲಸ ಯಾರಿಗಾದರೂ ಒಪ್ಪಿಸು. ಮರುದಿನ ಬೆಳಿಗ್ಗೆ ಏಳಲು ಅವರಿಗೆ ಒಂದು ಕಾರಣ ಸಿಗುತ್ತದೆ.

ಡಿಸೆಂಬರ್ 10ರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಹನ್ನೆರಡು ಫೋರ್ಕು, ನಮ್ಮ ಮನೆಯ ಹಳೆಯ ಮಣ್ಣಿನ ಬೊಂಬೆಗಳನ್ನು ತರುತ್ತೇನೆ. ಹಸುವಿನ ಒಂದು ಕಿವಿ ಮುರಿದಿದೆ. ಅದನ್ನು ನಾನು ಅಂಟಿಸಿಲ್ಲ, ಅಲ್ಲಿ ಯಾರಿಗಾದರೂ ಆ ಕೆಲಸ ಕೊಡೋಣ. ಎರಡು ಕಿಲೋ ಮೈದಾ, ನಾಲ್ಕು ತೆಂಗಿನಕಾಯಿ ತರಿಸಿಟ್ಟಿರು. ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು.

ಇತಿ ನಿನ್ನ,
ದೊಡ್ಡಮ್ಮ