ಮನೆಗೆ ಕಳಿಸಿದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಆಸ್ಪತ್ರೆಗೆ ಚಿಕನ್‌ಪಾಕ್ಸ್ ರೋಗಿಯೊಬ್ಬರು ಬಂದು, ಆಮೇಲೆ ನೌಕರರನ್ನು ಮನೆಗೆ ಕಳಿಸಿದ್ದರ ಬಗ್ಗೆ ನಿನ್ನೆ ಬಂದ ವರದಿ ಓದಿ ಮೈ ಉರಿಯಿತು. ‘ಆಡಳಿತ ಮಂಡಳಿ ಸಕಾಲದಲ್ಲಿ ಮುನ್ನೆಚ್ಚರಿಕೆ ವಹಿಸಿದೆ’ ಎಂದು ಬರೆದಿದ್ದೀರಿ. ಮನೆಯಲ್ಲಿ ಕೂತಿರುವ ನಮ್ಮನ್ನೂ ಒಂದು ಮಾತು ಕೇಳಬೇಕಿತ್ತು. ನಾನು ಅಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಇದ್ದೇನೆ. ಆ ರೋಗಿ ನನ್ನ ಕೌಂಟರಿನ ಎದುರಿನ ಬೆಂಚಿನಲ್ಲೇ ತುಂಬಾ ಹೊತ್ತು ಕೂತಿದ್ದರು. ಹಿಂದೆ ಚಿಕನ್‌ಪಾಕ್ಸ್ ಬಂದಿತ್ತು ಎನ್ನಲು ದಾಖಲೆ ಕೊಡಿ, ಇಲ್ಲವಾದರೆ ರೋಗಿಯ ಹತ್ತಿರ ಇದ್ದ ದಿನದಿಂದ 21ನೇ ದಿನದ ತನಕ ಬರಬೇಡಿ ಎಂದರು ಆಡಳಿತದವರು. ಸಂಬಳವೂ ಇಲ್ಲ.

ದಾಖಲೆ ಎಲ್ಲಿಂದ ತರಲಿ? ಕಾರ್ಕಳದ ಕಡೆಯ ಹಳ್ಳಿಯವಳು ನಾನು. ಆಗೆಲ್ಲ ಗುಳ್ಳೆ ಎದ್ದರೆ ಕಹಿಬೇವಿನ ಸೊಪ್ಪು ಹಾಸಿ ಮಲಗಿಸುತ್ತಿದ್ದರು. ಡಾಕ್ಟರ ಚೀಟಿ ಯಾರು ಬರೆಸಿಟ್ಟರು? ಅಮ್ಮನಿಗೆ ಫೋನ್ ಮಾಡಿದರೆ, ‘ಅಕ್ಕನಿಗೆ ಬಂದಿತ್ತು, ನಿನಗೆ ಬಂದಿತ್ತೋ ಇಲ್ಲವೋ ನೆನಪಿಲ್ಲ ಮಗಾ’ ಎನ್ನುತ್ತಾರೆ. ನಮ್ಮಂಥ ಸೆಕೆಯ ಊರುಗಳಲ್ಲಿ ಚಿಕ್ಕಂದಿನಲ್ಲಿ ಬಾರದೆ ದೊಡ್ಡವರಾದವರು ಜಾಸ್ತಿ ಎಂಬುದು ಆಸ್ಪತ್ರೆಯವರಿಗೆ ಗೊತ್ತಿರಬೇಕಲ್ವಾ?

8ರಿಂದ 21ನೇ ದಿನದ ತನಕ ದೂರ ಇರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಗುಳ್ಳೆ ಕಾಣುವ 1–2 ದಿನ ಮೊದಲೇ ಇದು ಹರಡುತ್ತದೆ, ದೊಡ್ಡವರಲ್ಲಿ ನ್ಯುಮೋನಿಯಾಕ್ಕೂ ತಿರುಗಬಹುದು. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಐಜಿಜಿ ರಕ್ತ ಪರೀಕ್ಷೆ (ಮೈಯಲ್ಲಿ ಈ ರೋಗ ತಡೆಯುವ ಶಕ್ತಿ ಇದೆಯೇ ಎಂದು ತಿಳಿಸುವುದು) ಮಾಡಿಸಿ, ಬೇಕಾದವರಿಗೆ 4ರಿಂದ 8 ವಾರ ಬಿಟ್ಟು 2 ಡೋಸ್ ಲಸಿಕೆ ಹಾಕಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ರೋಗಿಯ ಹತ್ತಿರ ಇದ್ದ 3ರಿಂದ 5 ದಿನದೊಳಗೆ ಲಸಿಕೆ ಹಾಕಿದರೂ ಉಪಯೋಗವಿದೆ. ನಮಗೆ ವಿಷಯ ತಿಳಿಸಿದ್ದೇ ವಾರ ಕಳೆದ ಮೇಲೆ! ಈಗ ರಕ್ತ ಪರೀಕ್ಷೆ ಮಾಡಿಸಿ ಎಂದರೆ ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಳ್ಳಿ ಅನ್ನುತ್ತಾರೆ. ಲ್ಯಾಬು ಇರುವುದು ಅದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿ.

ಆಸ್ಪತ್ರೆಯಿಂದ ಹೊರಗೆ ಹಾಕಿದರೆ ನಾವು ಹೋಗುವುದು ಎಲ್ಲಿಗೆ? ಮನೆಗೇ ಅಲ್ವಾ? ನಮ್ಮದು ಒಂದು ರೂಮು, ಒಂದು ಕಿಚನ್. ಸೊಸೆ ಬಸುರಿ, ಅವಳಿಗೆ ಹಿಂದೆ ಚಿಕನ್‌ಪಾಕ್ಸ್ ಬಂದಿಲ್ಲ. ಬಸುರಿಯರಿಗೆ ಈ ಲಸಿಕೆ ಹಾಕುವಂತಿಲ್ಲ. ಅವಳನ್ನು ಪುಣೆಗೆ, ತವರಿಗೆ ಕಳಿಸಿಬಿಟ್ಟೆವು. ಡಾಕ್ಟರರ ತಾರೀಖು ತಪ್ಪಿತು. ಮಗ ಊಟ ಹೊರಗೆ ಮಾಡುತ್ತಾನೆ. ಸೊಸೈಟಿಯವರು ನಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟಿದ್ದಾರೆ. ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಸರ್ಕಾರಿ ದವಾಖಾನೆಗೆ ಹೋದರೆ, ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಹೊರಗೆ ವಿಚಾರಿಸಿ ಎಂದರು. ಪಟ್ಟಿಯಲ್ಲಿಲ್ಲ ಎಂಬುದು ನಿಜ. ಆದರೆ ಆರೋಗ್ಯ ಅಧಿಕಾರಿಗಳು ಒಮ್ಮೆಯಾದರೂ ಆಸ್ಪತ್ರೆಗೆ ಬಂದು ನೌಕರರ ಲಸಿಕೆ ದಾಖಲೆ ನೋಡಬಾರದೇ? ಇದೇ ಅಧಿಕಾರಿಗಳಿಗೆ ಸ್ಟೇಷನ್ ಎದುರಿನ ಬಾಯ್ತೆರೆದ ಗಟಾರದ ಬಗ್ಗೆ ಪ್ರತಿ ಮಳೆಗಾಲದಲ್ಲಿ ಅರ್ಜಿ ಕೊಡುತ್ತಿದ್ದೇವೆ. ಡೆಂಗ್ಯೂ ಬಂದು ಹೋದ ಮೇಲೆ ಹೊಗೆ ಹಾಕುವ ಮಶೀನು ಬರುತ್ತದೆ. ಮೊಮ್ಮಗನ ಜನನ ಪತ್ರದಲ್ಲಿ ತಪ್ಪಾದ ಹೆಸರು ಇನ್ನೂ ಸರಿಯಾಗಿಲ್ಲ.

ಆಸ್ಪತ್ರೆಯವರು ಹಿಡಿದ ಸಂಬಳ ಕೊಡಲಿ. ಅಧಿಕಾರಿಗಳು ಎಲ್ಲ ಆಸ್ಪತ್ರೆಗಳನ್ನೂ ವಿಚಾರಿಸಲಿ, ಆ ಗಟಾರವನ್ನೂ ಮುಚ್ಚಿಸಲಿ. ಯಾವುದೂ ಆಗದಿದ್ದರೆ ಕುರ್ಚಿ ಬಿಟ್ಟು ಏಳಲಿ.

— ನೊಂದ ನೌಕರಳು, ಮುಂಬಯಿ